ಗಂಟಲಿನ ಸೋಂಕಿಗೆ ಆಂಟಿಬಯಾಟಿಕ್: ಎರಡು ಹೊತ್ತು ಸಾಕಾ, ಮೂರು ಹೊತ್ತು ಬೇಕಾ?

ಎರಡುಜಡೆ (ಸೋಮವಾರ, ರಾತ್ರಿ 8:50)
ಮಗಳಿಗೆ ಆರು ವರ್ಷ, ತೂಕ 20 ಕೆ.ಜಿ. ಮೂರು ದಿನದಿಂದ ಜ್ವರ, ಗಂಟಲು ನೋವು. ಎಂಜಲು ನುಂಗುವಾಗಲೂ ಕಣ್ಣಲ್ಲಿ ನೀರು. ಇವತ್ತು ಗಂಟಲಿನ ಸ್ವ್ಯಾಬ್ ತೆಗೆದು ನೋಡಿದರು, ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ಸೋಂಕು ಅಂತ ಬಂತು. ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟಿದ್ದಾರೆ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವಂಥದ್ದು. ಸಲಕ್ಕೆ 10 ಮಿ.ಲೀ., ದಿನಕ್ಕೆ ಎರಡು ಸಲ, ಹತ್ತು ದಿನ.

ನನ್ನ ಗೊಂದಲ ಏನು ಅಂದರೆ, ಹೋದ ವರ್ಷ ಇದೇ ಥರ ಆದಾಗ ಬೇರೆ ಡಾಕ್ಟರು ಇದೇ ಔಷಧಿಯನ್ನು 5 ಮಿ.ಲೀ.ನಂತೆ ಮೂರು ಹೊತ್ತು ಕೊಡಲು ಹೇಳಿದ್ದರು. ಆಗ ಚೆನ್ನಾಗಿಯೇ ವಾಸಿಯಾಯಿತು. ಈಗ ಎರಡೇ ಹೊತ್ತು ಅಂದರೆ ನಡುವೆ 12 ಗಂಟೆ ಸುಮ್ನೆ ಬಿಟ್ಟ ಹಾಗಲ್ವಾ? ನಮ್ಮತ್ತೆಯಂತೂ "ಮೂರು ಹೊತ್ತೂ ಹಾಕದಿದ್ದರೆ ಜ್ವರ ಮರುಕಳಿಸುತ್ತದೆ" ಅಂತ ಪಟ್ಟು ಹಿಡಿದಿದ್ದಾರೆ. ಅದೇ 20 ಮಿ.ಲೀ.ಯನ್ನು ಮೂರು ಪಾಲು ಮಾಡಿ ಕೊಡಲಾ? ಆದರೆ ಮಧ್ಯಾಹ್ನ ಅವಳು ಶಾಲೆಯಲ್ಲಿರುತ್ತಾಳೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಹೊಸ ಅಪ್ಪ
ನಮ್ಮ ಮಗನಿಗೂ ಎರಡೇ ಹೊತ್ತು ಕೊಟ್ಟಿದ್ದರು ಅಕ್ಕ. ಏನೂ ತೊಂದರೆ ಆಗಲಿಲ್ಲ.

ಔಷಧಿಪೆಟ್ಟಿಗೆ
ಮೇಡಂ, ಮೊದಲು ಎರಡೂ ಸಲದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಹೋದ ವರ್ಷ 250 ಮಿ.ಗ್ರಾಂ ಮೂರು ಸಲ, ಅಂದರೆ ದಿನಕ್ಕೆ 750. ಈ ಸಲ 500 ಎರಡು ಸಲ, ಅಂದರೆ 1000. ಹೊತ್ತು ಕಡಿಮೆಯಾಗಿದೆ, ಔಷಧಿ ಕಡಿಮೆಯಾಗಿಲ್ಲ. ಸ್ಟ್ರೆಪ್ ಗಂಟಲಿಗೆ ಅಮೆರಿಕದ ಮಾರ್ಗಸೂಚಿಯಲ್ಲಿ ಇರುವುದೂ ಇದೇ: ಕೆ.ಜಿ.ಗೆ 25 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ, ಹತ್ತು ದಿನ. ನಿಮ್ಮ ಮಗಳ 20 ಕೆ.ಜಿ.ಗೆ ಸರಿಯಾಗಿ 500. ನಿಮ್ಮ ಡಾಕ್ಟರು ತೂಕ ನೋಡಿಯೇ ಬರೆದಿದ್ದಾರೆ.

ನೀವೇ ಮೂರು ಪಾಲು ಮಾಡಲು ಹೋಗಬೇಡಿ. 20 ಮಿ.ಲೀ.ಯನ್ನು ಮೂರರಿಂದ ಭಾಗಿಸಿದರೆ 6.67. ಅದನ್ನು ಯಾವ ಅಳತೆಯಲ್ಲಿ ಅಳೆಯುತ್ತೀರಿ?

ಕಡ್ಡಿಮುರಿದಂತೆ
ಇಷ್ಟು ತಲೆಕೆಡಿಸಿಕೊಳ್ಳುವ ವಿಷಯವೇ ಅಲ್ಲ. ದಿನಕ್ಕೆ ಒಟ್ಟು ಎಷ್ಟು ಹೊಟ್ಟೆಗೆ ಹೋಯಿತು ಅನ್ನುವುದೇ ಮುಖ್ಯ. ಎರಡು ಸಲ ಕೊಡಿ, ಮೂರು ಸಲ ಕೊಡಿ, ಬೇಕಾದರೆ ಒಂದೇ ಸಲ ಕೊಡಿ. ಹೊತ್ತಿನ ಲೆಕ್ಕ ಬರೀ ನಮ್ಮ ಅನುಕೂಲಕ್ಕೆ.

ಹಳೇ ಮೇಷ್ಟ್ರು
ಕಡ್ಡಿಮುರಿದಂತೆ ಅವರೇ, ಅದು ಔಷಧಿಯ ಮೇಲೆ ಹೋಗುತ್ತದೆ. ಎಲ್ಲದಕ್ಕೂ ಹಾಗೆ ಹೇಳಲು ಬರುವುದಿಲ್ಲ. ನಾನು ಡಾಕ್ಟರಲ್ಲ, ಗಣಿತ ಕಲಿಸಿದವನು. ಆದರೆ ನನ್ನ ಹೆಂಡತಿಗೆ ಸೈನಸ್ ಸೋಂಕು ಆದಾಗ ಈ ವಿಷಯ ಪಟ್ಟಾಗಿ ಕೂತು ಓದಿದ್ದೇನೆ.

ಅಮಾಕ್ಸಿಸಿಲಿನ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಸುಮಾರು ಒಂದು ಗಂಟೆಗೆ ಅರ್ಧ ಆಗುತ್ತದೆ. ಇನ್ನೊಂದು ಗಂಟೆಗೆ ಅದರ ಅರ್ಧ. ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಇನ್ನೊಂದು ಕಡೆ, ಒಂದೊಂದು ಕ್ರಿಮಿಗೂ ಒಂದು ಗೆರೆ ಇರುತ್ತದೆ. ಔಷಧಿಯ ಮಟ್ಟ ಆ ಗೆರೆಗಿಂತ ಮೇಲೆ ಇರುವಷ್ಟು ಹೊತ್ತು ಕ್ರಿಮಿ ಬೆಳೆಯುವುದಿಲ್ಲ. ಈ ಗೆರೆಗೆ ಎಮ್‌ಐಸಿ ಅನ್ನುತ್ತಾರೆ. ಅಮಾಕ್ಸಿಸಿಲಿನ್ ಸೇರಿದ ಪೆನಿಸಿಲಿನ್ ಜಾತಿಯ ಔಷಧಿಗಳಲ್ಲಿ ಮಟ್ಟ ಎಷ್ಟು ಎತ್ತರಕ್ಕೆ ಏರಿತು ಅನ್ನುವುದಕ್ಕಿಂತ, ಗೆರೆಯ ಮೇಲೆ ಎಷ್ಟು ಹೊತ್ತು ಉಳಿಯಿತು ಅನ್ನುವುದು ದೊಡ್ಡದು. ಎರಡು ಡೋಸ್‌ಗಳ ನಡುವಿನ ಸಮಯದಲ್ಲಿ ಶೇಕಡ 40ರಿಂದ 50ರಷ್ಟಾದರೂ ಗೆರೆಯ ಮೇಲಿದ್ದರೆ ಕೆಲಸ ಆಗುತ್ತದೆ.

ಈಗ ಲೆಕ್ಕ ಹಾಕಿ. 500 ಮಿ.ಗ್ರಾಂ ತೆಗೆದುಕೊಂಡ ದೊಡ್ಡವರೊಬ್ಬರ ಒಂದು ಮಿ.ಲೀ. ರಕ್ತದಲ್ಲಿ ಒಂದೆರಡು ಗಂಟೆಗೆ ಹತ್ತಿರ ಹತ್ತಿರ 8 ಮೈಕ್ರೋಗ್ರಾಂ ಆಯಿತು ಅಂತ ಇಟ್ಟುಕೊಳ್ಳಿ. ಗಂಟಲಿನ ಸ್ಟ್ರೆಪ್ ಕ್ರಿಮಿಯ ಗೆರೆ ಬಹಳ ಕೆಳಗೆ, ಸುಮಾರು 0.015. ಎಂಟರಿಂದ ಅರ್ಧ ಅರ್ಧ ಮಾಡುತ್ತಾ ಬನ್ನಿ: 4, 2, 1, 0.5, 0.25, 0.12, 0.06, 0.03, 0.015. ಒಂಬತ್ತು ಸಲ ಅರ್ಧ ಮಾಡಿದ ಮೇಲೆ ಗೆರೆ ಮುಟ್ಟಿತು. ಅಂದರೆ ಒಂಬತ್ತು ಗಂಟೆ. ಏರುವ ಹೊತ್ತೂ ಸೇರಿದರೆ ಹತ್ತು. 12 ಗಂಟೆಯಲ್ಲಿ 10 ಗಂಟೆ ಕ್ರಿಮಿಯ ಬಾಯಿ ಕಟ್ಟಿದ ಹಾಗೆ. ಎರಡುಜಡೆ ಅವರೇ, ನಡುವೆ ಖಾಲಿ ಬಿಟ್ಟ ಹಾಗಲ್ವಾ ಅಂದಿರಲ್ಲ, ಅದಕ್ಕೆ ಇದೇ ಉತ್ತರ. ಹೆಚ್ಚು ಕಡಿಮೆ ಪೂರ್ತಿ ತುಂಬಿರುತ್ತದೆ.

ಇನ್ನೊಂದು ವಿಷಯ ನೋಡಿ. ಡೋಸ್ ದುಪ್ಪಟ್ಟು ಮಾಡಿದರೆ ಏನಾಗುತ್ತದೆ? 8ರ ಬದಲು 16ರಿಂದ ಇಳಿಯಲು ಶುರು. ಗೆರೆಯ ಮೇಲೆ ಉಳಿಯುವ ಹೊತ್ತು ಎಷ್ಟು ಹೆಚ್ಚಾಯಿತು? ಒಂದೇ ಒಂದು ಗಂಟೆ! ಅದಕ್ಕೇ "ಒಟ್ಟು ಎಷ್ಟು ಹೋಯಿತು" ಅನ್ನುವುದೊಂದೇ ಸಾಲದು.

ಸುಮ್ನೆ ಓದುವವ
ಮೇಷ್ಟ್ರೇ, ಇದನ್ನು ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ನಾನು ಪೆನ್ನು ಹಿಡಿದು ಅರ್ಧ ಅರ್ಧ ಬರೆದು ನೋಡಿದೆ.

ಕಡ್ಡಿಮುರಿದಂತೆ
ಲೆಕ್ಕ ಚೆನ್ನಾಗಿದೆ. ಆದರೆ ನಿಮ್ಮ ಲೆಕ್ಕವೇ ನನ್ನ ಕಡೆ ಇದೆ. ಎರಡು ಹೊತ್ತಿಗೇ ಹತ್ತು ಗಂಟೆ ತುಂಬಿದರೆ ಮೂರನೇ ಹೊತ್ತಿನಿಂದ ಏನು ಲಾಭ? ಜನ ಸುಮ್ನೆ ಮೂರು ಹೊತ್ತು ಕೊಟ್ಟು ಒದ್ದಾಡುತ್ತಾರೆ.

ಹಳೇ ಮೇಷ್ಟ್ರು
ಸ್ಟ್ರೆಪ್‌ಗೆ ಹೌದು. ಕ್ರಿಮಿ ಬೇರೆ ಆದರೆ ಗೆರೆಯೂ ಬೇರೆ. ಕಿವಿ ಮತ್ತು ಸೈನಸ್‌ನಲ್ಲಿ ಹೆಚ್ಚಾಗಿ ಸಿಗುವ ನ್ಯುಮೋಕಾಕಸ್‌ನಲ್ಲಿ ಔಷಧಿಗೆ ಅರ್ಧ ಬಗ್ಗದ ತಳಿಗಳಿವೆ. ಅವುಗಳ ಗೆರೆ 2ರಲ್ಲಿ ಇದ್ದರೆ? 8, 4, 2. ಎರಡೇ ಗಂಟೆಗೆ ಕೆಳಗೆ ಬಂತು. ಏರುವಾಗಿನದು ಸೇರಿ ಮೂರು ಗಂಟೆ ಅನ್ನಿ. 12 ಗಂಟೆಯಲ್ಲಿ ಮೂರು ಅಂದರೆ ಕಾಲು ಭಾಗ, ಸಾಲದು. 8 ಗಂಟೆಗೊಮ್ಮೆ ಕೊಟ್ಟರೆ ಎಂಟರಲ್ಲಿ ಮೂರು, ಹತ್ತಿರ ಬಂತು. ಮೂರನೇ ಹೊತ್ತಿನ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಚಿಕ್ಕಮಕ್ಕಳ ವೈದ್ಯೆ
ಮೇಷ್ಟ್ರು ಹೇಳಿದ್ದು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಿವಿಯ ಸೋಂಕಿಗೂ ಈಗ ನಾವು ಹೆಚ್ಚಾಗಿ ಎರಡೇ ಹೊತ್ತು ಕೊಡುತ್ತೇವೆ. ಆದರೆ ಡೋಸ್ ಏರಿಸಿ: ದಿನಕ್ಕೆ ಕೆ.ಜಿ.ಗೆ 80ರಿಂದ 90 ಮಿ.ಗ್ರಾಂ, ಎರಡು ಪಾಲು. ಅಮೆರಿಕದ ಮಕ್ಕಳ ವೈದ್ಯರ ಸಂಘ 2013ರಲ್ಲಿ ಹೇಳಿದ್ದು ಇದೇ. ಔಷಧಿ ರಕ್ತದಿಂದ ಬೇಗ ಹೋದರೂ ಕಿವಿಯೊಳಗೆ ಸೇರಿಕೊಂಡ ನೀರಿನಿಂದ ನಿಧಾನವಾಗಿ ಇಳಿಯುತ್ತದೆ, ಅದೂ ಸಹಾಯ ಮಾಡುತ್ತದೆ. ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್ ಅನ್ನು ದಿನಕ್ಕೆ ಒಂದೆರಡು ಸಲ ಕೊಟ್ಟರೂ ಮೂರು ಸಲ ಕೊಟ್ಟರೂ ಫಲಿತಾಂಶ ಹತ್ತಿರ ಹತ್ತಿರ ಒಂದೇ ಅಂತ, ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಪರಿಶೀಲನೆಯಲ್ಲಿ ಬಂದಿದೆ. ಅದು 2008ರದು, 2013ರಲ್ಲಿ ಮತ್ತೆ ನೋಡಿದರು.

ಎರಡುಜಡೆ ಅವರೇ, ಸ್ಟ್ರೆಪ್ ಗಂಟಲಿಗಾದರೆ ಅಮಾಕ್ಸಿಸಿಲಿನ್ ಅನ್ನು ದಿನಕ್ಕೆ ಒಂದೇ ಸಲವೂ ಕೊಡುವ ಪದ್ಧತಿ ಇದೆ. ಕೆ.ಜಿ.ಗೆ 50 ಮಿ.ಗ್ರಾಂ, ಹೆಚ್ಚೆಂದರೆ 1000. ಹಾಗಾಗಿ ಎರಡು ಹೊತ್ತು ಕಡಿಮೆ ಆಯಿತು ಅಂತ ನಿಮ್ಮತ್ತೆಯವರು ಹೆದರುವ ಅಗತ್ಯ ಇಲ್ಲ. ಬೆಳಿಗ್ಗೆ ಏಳೂವರೆಗೆ ಒಂದು, ರಾತ್ರಿ ಏಳೂವರೆಗೆ ಒಂದು ಕೊಡಿ. ಅರ್ಧ ಗಂಟೆ, ಒಂದು ಗಂಟೆ ಆಚೀಚೆ ಆದರೆ ಚಿಂತೆ ಬೇಡ.

ಎರಡುಜಡೆ
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಮೇಷ್ಟ್ರೇ. ಅತ್ತೆಗೆ ಅರ್ಧ ಅರ್ಧ ಮಾಡುವ ಲೆಕ್ಕ ಓದಿ ಹೇಳಿದೆ. "ಹಾಗಿದ್ದರೆ ಸರಿ" ಅಂದರು. ಈಗ 10 ಮಿ.ಲೀ. ಕುಡಿಸಿದ್ದೇನೆ. ನುಂಗಲು ಕಷ್ಟ ಆಗಿ ಎರಡು ಸಲ ನಿಲ್ಲಿಸಿ ನಿಲ್ಲಿಸಿ ಕುಡಿದಳು.

ಮೂಗುಕಟ್ಟು
ನನ್ನದು ಸೈನಸ್ ಕಥೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಸಿಡ್ ಸೇರಿದ 625ರ ಮಾತ್ರೆ, ಮೂರು ಹೊತ್ತು. ಮಧ್ಯಾಹ್ನದ್ದು ಕೆಲಸದ ಗಲಾಟೆಯಲ್ಲಿ ದಿನಾ ಮರೆತುಹೋಗುತ್ತಿತ್ತು. ರಾತ್ರಿ ನೆನಪಾದಾಗ ಎರಡು ಒಟ್ಟಿಗೆ ನುಂಗುತ್ತಿದ್ದೆ. ಮೂರನೇ ದಿನ ಹೊಟ್ಟೆ ಕೆಟ್ಟು ರಾತ್ರಿಯೆಲ್ಲ ಬಚ್ಚಲಲ್ಲೇ. ನನ್ನ ದೇಹಕ್ಕೆ ಔಷಧಿ ಒಗ್ಗುವುದಿಲ್ಲ ಅಂದುಕೊಂಡು ಬಿಟ್ಟುಬಿಟ್ಟೆ. ವಾರದಲ್ಲಿ ಮತ್ತೆ ಮುಖ ಬಿಗಿದು, ಹಲ್ಲಿನ ತನಕ ನೋವು.

ಔಷಧಿಪೆಟ್ಟಿಗೆ
ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಆ ಕ್ಲಾವುಲನಿಕ್ ಆಸಿಡ್. ಎರಡು ಒಟ್ಟಿಗೆ ನುಂಗಿದಾಗ ಅದೂ ದುಪ್ಪಟ್ಟು ಆಯಿತು. ನಿಮ್ಮ ಮಾತ್ರೆಯಲ್ಲಿ 500 ಅಮಾಕ್ಸಿಸಿಲಿನ್, 125 ಕ್ಲಾವುಲನಿಕ್. ಎರಡು ಹೊತ್ತಿನ ಮಾತ್ರೆ ಬೇರೆ ಇದೆ. ಅದರಲ್ಲಿ 875 ಮತ್ತು 125. ಅಮಾಕ್ಸಿಸಿಲಿನ್ ಏರಿಸಿದ್ದಾರೆ, ಕ್ಲಾವುಲನಿಕ್ ಅಷ್ಟೇ ಇಟ್ಟಿದ್ದಾರೆ. ಹಾಗಾಗಿ ದಿನದ ಕ್ಲಾವುಲನಿಕ್ 375ರಿಂದ 250ಕ್ಕೆ ಇಳಿಯುತ್ತದೆ. ಮೂರು ಹೊತ್ತಿನ ಮಾತ್ರೆಯನ್ನೇ ಎರಡೆರಡು ನುಂಗಿದರೆ ಎರಡು ಹೊತ್ತಿನದು ಆಗುವುದಿಲ್ಲ ಅನ್ನುವುದು ಇದಕ್ಕೇ. ಹೆಸರು ಒಂದೇ ಇರುತ್ತದೆ, ಒಳಗಿನ ಪಾಲು ಬೇರೆ.

ಊಟ ಶುರು ಮಾಡುವಾಗ ನುಂಗಿದರೆ ಹೊಟ್ಟೆಗೂ ಹಿತ. ಮರೆತ ಡೋಸ್ ನೆನಪಾದಾಗ ತೆಗೆದುಕೊಳ್ಳಿ. ಮುಂದಿನದರ ಹೊತ್ತು ಹತ್ತಿರ ಬಂದುಬಿಟ್ಟಿದ್ದರೆ ಮರೆತದ್ದನ್ನು ಬಿಡಿ. ಜೋಡಿ ಮಾತ್ರ ಬೇಡ.

ಮೂಗುಕಟ್ಟು
ಇದನ್ನು ಅವತ್ತೇ ಯಾರಾದರೂ ಹೇಳಿದ್ದರೆ ನಾನು ಅಷ್ಟು ನರಳುತ್ತಿರಲಿಲ್ಲ. ಮಾತ್ರೆ ಕೊಟ್ಟವರು "ಮೂರು ಹೊತ್ತು" ಅಂದರು ಅಷ್ಟೇ. ಮಧ್ಯಾಹ್ನ ಆಗುತ್ತದಾ ಅಂತ ಕೇಳಿದ್ದರೆ, ಆಗಲ್ಲ ಅಂತ ಅಲ್ಲೇ ಹೇಳುತ್ತಿದ್ದೆ.

ರಾತ್ರಿಪಾಳಿ
ನಾನು ನರ್ಸ್. ಈ ಮಾತು ಮನಸ್ಸಿಗೆ ನಾಟಿತು. ದಿನಕ್ಕೆ ಹೊತ್ತು ಹೆಚ್ಚಾದಷ್ಟೂ ತಪ್ಪುವುದೂ ಹೆಚ್ಚು. ನಾಲ್ಕು ಹೊತ್ತಿನ ಔಷಧಿ ಮನೆಯಲ್ಲಿ ಸರಿಯಾಗಿ ತೆಗೆದುಕೊಳ್ಳುವವರು ಕಡಿಮೆ. ಬರೆಯುವಾಗಲೇ "ಮಧ್ಯಾಹ್ನ ಎಲ್ಲಿರುತ್ತೀರಿ" ಅಂತ ಕೇಳಬೇಕು.

ಹೊಸ ಅಪ್ಪ
ಒಂದು ಪ್ರಶ್ನೆ. 8 ಗಂಟೆಗೊಮ್ಮೆ ಅಂತ ಬರೆದಿದ್ದರೆ ನಡುರಾತ್ರಿ ಎಬ್ಬಿಸಿ ಕೊಡಬೇಕಾ? ನಾವು ಹೋದ ಸಲ ರಾತ್ರಿ 2 ಗಂಟೆಗೆ ಅಲಾರಂ ಇಟ್ಟು ಮಗುವನ್ನು ಎಬ್ಬಿಸುತ್ತಿದ್ದೆವು. ಅವನು ಅತ್ತು ಅತ್ತು, ಬೆಳಗಿನ ತನಕ ಮೂವರಿಗೂ ನಿದ್ದೆ ಇಲ್ಲ.

ರಾತ್ರಿಪಾಳಿ
ಪಾಪ! ಗಂಟಲು, ಕಿವಿ, ಸೈನಸ್‌ಗೆ ಬಾಯಿಂದ ಕೊಡುವ ಔಷಧಿಗೆ ಸಾಮಾನ್ಯವಾಗಿ ಹಾಗೆ ಎಬ್ಬಿಸಬೇಕಾಗಿಲ್ಲ. ಎದ್ದ ತಕ್ಷಣ ಒಂದು, ಮಧ್ಯಾಹ್ನ ಒಂದು, ಮಲಗುವ ಮುಂಚೆ ಒಂದು. ವಾರ್ಡಿನಲ್ಲಿ ನಾವು ಗಡಿಯಾರ ನೋಡಿ ಇಂಜೆಕ್ಷನ್ ಹಾಕುವುದು ಬೇರೆ, ಅಲ್ಲಿ ಕಾಯಿಲೆಯೂ ಬೇರೆ.

ಕಡ್ಡಿಮುರಿದಂತೆ
ಈಗ ತಾನೇ ಗೆರೆಯ ಮೇಲೆ ಇಷ್ಟು ಗಂಟೆ ಇರಬೇಕು ಅಂದಿರಿ. ರಾತ್ರಿ 10ರಿಂದ ಬೆಳಿಗ್ಗೆ 7, ಒಂಬತ್ತು ಗಂಟೆ ಬಿಡಬಹುದು ಅಂತೀರಿ. ಎರಡರಲ್ಲಿ ಯಾವುದು ನಿಜ?

ಹಳೇ ಮೇಷ್ಟ್ರು
ಎರಡೂ ನಿಜ. ಎಂಟರ ಬದಲು ಒಂಬತ್ತು ಆದರೆ ಬೀಳುವ ಪೆಟ್ಟು ಸಣ್ಣದು. ಬೇಕಾಗಿರುವುದು ಅರ್ಧದಷ್ಟು ಹೊತ್ತು, ಪೂರ್ತಿ ಅಲ್ಲ. ಮೂರು ಡೋಸ್‌ಗಳನ್ನೂ ಹಗಲಿನ ಆರು ಗಂಟೆಯೊಳಗೆ ತುರುಕಿದರೆ ಆಗ ನೋಡಿ, ಉಳಿದ 18 ಗಂಟೆ ಬಯಲು.

ಮೂಗುಕಟ್ಟು
ಅಜಿತ್ರೋಮೈಸಿನ್ ಹೇಗೆ ಹಾಗಾದರೆ? ದಿನಕ್ಕೆ ಒಂದು, ಮೂರೇ ದಿನ. ನನಗೆ ಅದೇ ಇಷ್ಟ. ಎಲ್ಲರಿಗೂ ಅದನ್ನೇ ಕೊಟ್ಟರೆ ಈ ಚರ್ಚೆಯೇ ಬೇಡ ಅಲ್ವಾ?

ಚಿಕ್ಕಮಕ್ಕಳ ವೈದ್ಯೆ
ಅದರ ನಡೆ ಪೂರ್ತಿ ಬೇರೆ. ಅಮಾಕ್ಸಿಸಿಲಿನ್ ಒಂದು ಗಂಟೆಗೆ ಅರ್ಧ ಆದರೆ ಇದು ಅರ್ಧ ಆಗಲು ಸುಮಾರು 68 ಗಂಟೆ. ಜೀವಕೋಶಗಳ ಒಳಗೆ ಹೋಗಿ ಕೂತು, ಮಾತ್ರೆ ನಿಲ್ಲಿಸಿದ ಮೇಲೂ ದಿನಗಟ್ಟಲೆ ಮೆಲ್ಲಗೆ ಹೊರಗೆ ಬರುತ್ತಿರುತ್ತದೆ. ಹಾಗಾಗಿ ನೀವು ನುಂಗಿದ್ದು ಮೂರು ದಿನ ಆದರೂ ಔಷಧಿ ಇರುವುದು ಮೂರೇ ದಿನ ಅಲ್ಲ.

ಆದರೆ ಇಷ್ಟ ಅಂತ ಅದನ್ನೇ ಕೇಳಿ ಪಡೆಯಬೇಡಿ, ದಯವಿಟ್ಟು. ನ್ಯುಮೋಕಾಕಸ್‌ನಲ್ಲೂ ಸ್ಟ್ರೆಪ್‌ನಲ್ಲೂ ಈ ಔಷಧಿಗೆ ಬಗ್ಗದ ತಳಿಗಳು ಇವೆ. ಸೈನಸ್‌ಗೆ ಮೊದಲ ಆಯ್ಕೆಯಾಗಿ ಇದನ್ನು ಕೊಡಬಾರದು ಅಂತ ಅಮೆರಿಕದ ಸೋಂಕು ರೋಗ ತಜ್ಞರ ಸಂಘ 2012ರಲ್ಲೇ ಹೇಳಿದೆ. ಹೃದಯದ ಬಡಿತದ ತೊಂದರೆ ಇರುವವರು ಎಚ್ಚರ ವಹಿಸಬೇಕು ಅಂತ 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನೂ ಕೊಟ್ಟಿದೆ. ಪೆನಿಸಿಲಿನ್ ಅಲರ್ಜಿ ನಿಜವಾಗಿ ಇರುವವರಿಗೆ ಇದು ಬೇಕಾಗುತ್ತದೆ. ಅವರಿಗೆ ಬೇಕಾದಾಗ ಕೆಲಸ ಮಾಡಬೇಕು ಅಂದರೆ ನಾವು ಸುಮ್ನೆ ಖರ್ಚು ಮಾಡಬಾರದು.

ಇತಿಹಾಸಪ್ರಿಯ
ಸ್ವಲ್ಪ ದಾರಿ ತಪ್ಪುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೇಷ್ಟ್ರು ಮೂತ್ರಪಿಂಡ ಔಷಧಿಯನ್ನು ಹೊರಗೆ ಹಾಕುತ್ತಲೇ ಇರುತ್ತದೆ ಅಂದರಲ್ಲ. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸರಿಗೆ ಮೊದಮೊದಲು ಪೆನಿಸಿಲಿನ್ ಕೊಟ್ಟರು. ಇದ್ದದ್ದೇ ಚೂರು. ಖಾಲಿಯಾಗುತ್ತಾ ಬಂದಾಗ ಅವರ ಮೂತ್ರದಿಂದಲೇ ಪೆನಿಸಿಲಿನ್ ಬೇರೆ ಮಾಡಿ ಮತ್ತೆ ಅವರಿಗೇ ಕೊಟ್ಟರು. ಮೊದಲು ಚೇತರಿಸಿಕೊಂಡರು. ಆಮೇಲೆ ಔಷಧಿ ಮುಗಿದು, ಸೋಂಕು ಮತ್ತೆ ಏರಿ, ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮೂತ್ರಪಿಂಡದ ಈ ವೇಗ ತಗ್ಗಿಸಲು ಆಮೇಲೆ ಪ್ರೊಬೆನೆಸಿಡ್ ಅನ್ನುವ ಇನ್ನೊಂದು ಔಷಧಿಯನ್ನೂ ತಂದರು.

1945ರ ನೊಬೆಲ್ ಭಾಷಣದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಕಟ್ಟುಕಥೆ ಹೇಳಿದ್ದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಸ್ಟ್ರೆಪ್ ಕ್ರಿಮಿ ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತದೆ. ಅವನಿಂದ ಹೆಂಡತಿಗೆ ಹರಡುತ್ತದೆ, ಅವಳಿಗೆ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೆಲಸ ಮಾಡದೆ ಅವಳು ಸಾಯುತ್ತಾಳೆ.

ಚಿಕ್ಕಮಕ್ಕಳ ವೈದ್ಯೆ
ಒಳ್ಳೆಯ ನೆನಪು. ಒಂದು ತಿದ್ದುಪಡಿ ಅಷ್ಟೇ. ಫ್ಲೆಮಿಂಗ್ ಹೇಳಿದ ಗಂಟಲಿನ ಆ ಕ್ರಿಮಿ, ಗ್ರೂಪ್ ಎ ಸ್ಟ್ರೆಪ್, ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಚಿಕಿತ್ಸೆಯೇ ವಿಫಲ ಆಗುವಂಥ ನಿರೋಧ ಅದರಲ್ಲಿ ಬಂದಿಲ್ಲ. ಅವರು ಹೆದರಿದ್ದು ನಿಜವಾದದ್ದು ಬೇರೆ ಕ್ರಿಮಿಗಳಲ್ಲಿ.

ಸುಮ್ನೆ ಓದುವವ
ಹಾಗಾದರೆ ಸ್ಟ್ರೆಪ್‌ಗೆ ಹತ್ತು ದಿನ ಯಾಕೆ? ಮೂರು ದಿನಕ್ಕೆ ಜ್ವರ ಹೋಗುತ್ತದೆ. ನಾನು ಯಾವಾಗಲೂ ನಾಲ್ಕು ದಿನಕ್ಕೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ನೆಗಡಿಗೆ ಇಟ್ಟುಕೊಳ್ಳುತ್ತೇನೆ.

ರಾತ್ರಿಪಾಳಿ
ಮುಂದಿನ ನೆಗಡಿಗೆ ಅದು ಏನೂ ಮಾಡುವುದಿಲ್ಲ. ನೆಗಡಿ ವೈರಸ್‌ನದು. ಗಂಟಲು ನೋವಿನಲ್ಲೂ ಹೆಚ್ಚಿನವು ವೈರಸ್‌ನವೇ. ಸ್ಟ್ರೆಪ್ ಇರುವುದು ದೊಡ್ಡವರಲ್ಲಿ ನೂರಕ್ಕೆ 5ರಿಂದ 15 ಜನಕ್ಕೆ, ಮಕ್ಕಳಲ್ಲಿ 20ರಿಂದ 30ಕ್ಕೆ. ಅದಕ್ಕೇ ಎರಡುಜಡೆ ಅವರ ಡಾಕ್ಟರು ಮೊದಲು ಸ್ವ್ಯಾಬ್ ತೆಗೆದದ್ದು. ದಯವಿಟ್ಟು ಉಳಿಸಿ ಇಟ್ಟುಕೊಳ್ಳಬೇಡಿ.

ಔಷಧಿಪೆಟ್ಟಿಗೆ
ದಿನದ ಲೆಕ್ಕದಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಅಮೆರಿಕದಲ್ಲಿ ಹತ್ತು ದಿನ. ಇಂಗ್ಲೆಂಡಿನಲ್ಲಿ ಪೆನಿಸಿಲಿನ್ ವಿ (ಬಾಯಿಂದ ಕೊಡುವ ಪೆನಿಸಿಲಿನ್), ಐದರಿಂದ ಹತ್ತು ದಿನ. ಅಲ್ಲಿ ದೊಡ್ಡವರಿಗೆ 500 ಮಿ.ಗ್ರಾಂ ನಾಲ್ಕು ಹೊತ್ತು, ಇಲ್ಲವೇ 1000 ಎರಡು ಹೊತ್ತು.

ಸ್ವೀಡನ್ನಿನಲ್ಲಿ ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅದು ಈ ಚರ್ಚೆಗೆ ಹೇಳಿ ಮಾಡಿಸಿದ ಹಾಗಿದೆ. 433 ಜನ, ಎಲ್ಲರಿಗೂ ಸ್ಟ್ರೆಪ್ ಗಂಟಲು. ಅರ್ಧ ಜನಕ್ಕೆ ಪೆನಿಸಿಲಿನ್ ವಿ 800 ಮಿ.ಗ್ರಾಂ ನಾಲ್ಕು ಹೊತ್ತು, ಐದು ದಿನ. ಉಳಿದವರಿಗೆ 1000 ಮಿ.ಗ್ರಾಂ ಮೂರು ಹೊತ್ತು, ಹತ್ತು ದಿನ. ಗಂಟಲು ವಾಸಿಯಾದದ್ದು ಐದು ದಿನದವರಲ್ಲಿ ಶೇಕಡ 89.6, ಹತ್ತು ದಿನದವರಲ್ಲಿ 93.3. ಮೊದಲೇ ಗೊತ್ತು ಮಾಡಿಕೊಂಡ ಅಳತೆಯಲ್ಲಿ ಐದು ದಿನ ಕಡಿಮೆಯದಲ್ಲ ಅಂತ ತೀರ್ಮಾನ. ದಿನ ಅರ್ಧ ಮಾಡಿದರು, ಆದರೆ ಹೊತ್ತು ಮೂರರಿಂದ ನಾಲ್ಕಕ್ಕೆ ಏರಿಸಿದರು. ಹೊತ್ತಿನ ಮಹತ್ವ ಇದು.

ಕಡ್ಡಿಮುರಿದಂತೆ
ಅಂದರೆ ಐದು ದಿನ ಸಾಕು. ಮೇಡಂ, ಐದಕ್ಕೆ ನಿಲ್ಲಿಸಿ.

ಚಿಕ್ಕಮಕ್ಕಳ ವೈದ್ಯೆ
ಬೇಡ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಅದೇ ಪ್ರಯೋಗದಲ್ಲಿ ಗಂಟಲಿನಿಂದ ಕ್ರಿಮಿ ಪೂರ್ತಿ ಹೋದದ್ದು ಐದು ದಿನದವರಲ್ಲಿ ಶೇಕಡ 80.4, ಹತ್ತು ದಿನದವರಲ್ಲಿ 90.7. ಅಲ್ಲದೆ ಅವರು ಕೊಟ್ಟದ್ದು ಬೇರೆ ಔಷಧಿ, ನಾಲ್ಕು ಹೊತ್ತು. ಎರಡು ಹೊತ್ತಿನ ಅಮಾಕ್ಸಿಸಿಲಿನ್ ಅನ್ನು ಐದು ದಿನಕ್ಕೆ ನಿಲ್ಲಿಸಬಹುದು ಅಂತ ಅದರಿಂದ ಹೇಳಲು ಬರುವುದಿಲ್ಲ. ಒಂದು ಪದ್ಧತಿಯಿಂದ ಹೊತ್ತು, ಇನ್ನೊಂದರಿಂದ ದಿನ ಕಿತ್ತು ಜೋಡಿಸಬಾರದು.

ಮಕ್ಕಳಲ್ಲಿ ನಾವು ಸ್ಟ್ರೆಪ್‌ಗೆ ಇಷ್ಟು ಮಹತ್ವ ಕೊಡುವುದು ಗಂಟಲಿಗಾಗಿ ಮಾತ್ರ ಅಲ್ಲ. ಸ್ಟ್ರೆಪ್ ಆದ ಮೇಲೆ ಬರಬಹುದಾದ ರುಮ್ಯಾಟಿಕ್ ಜ್ವರಕ್ಕಾಗಿ. ಅದು ಹೃದಯದ ಕವಾಟ ಹಾಳು ಮಾಡುತ್ತದೆ. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಚಿಕಿತ್ಸೆ ಆರಂಭಿಸಿದರೆ ಅದನ್ನು ತಡೆಯಬಹುದು. ಕವಾಟ ಕೆಟ್ಟ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ನಾನು ನೋಡಿಕೊಂಡಿದ್ದೇನೆ. ಎರಡು ಮೆಟ್ಟಿಲು ಹತ್ತಿ ನಿಂತು ಏದುಸಿರು ಬಿಡುತ್ತಿದ್ದಳು. ಹತ್ತು ದಿನದ ಸಿರಪ್ ಬಗ್ಗೆ ನಾನು ಹಟ ಹಿಡಿದರೆ ಅದಕ್ಕೆ ಕಾರಣ ಅವಳು.

ಕಡ್ಡಿಮುರಿದಂತೆ
ಸರಿ ಡಾಕ್ಟ್ರೇ. ಐದಕ್ಕೆ ನಿಲ್ಲಿಸಿ ಅಂದದ್ದು ತಪ್ಪು. ಮೇಡಂ, ನನ್ನ ಮಾತು ಬಿಡಿ.

ಔಷಧಿಪೆಟ್ಟಿಗೆ
ಎರಡುಜಡೆ ಅವರೇ, ಒಂದು ಸಂಶಯ ಬಂತು. ನಿಮ್ಮ ಬಾಟಲ್ ಎಷ್ಟು ಮಿ.ಲೀ.ಯದು? ಎಷ್ಟು ಬಾಟಲ್ ಕೊಟ್ಟಿದ್ದಾರೆ? ದಿನಕ್ಕೆ 20 ಮಿ.ಲೀ., ಹತ್ತು ದಿನಕ್ಕೆ 200 ಬೇಕು.

ಎರಡುಜಡೆ (ಮಂಗಳವಾರ, ಬೆಳಿಗ್ಗೆ 6:55)
ಈಗ ಎದ್ದು ನೋಡಿದೆ. 100 ಮಿ.ಲೀ., ಒಂದೇ ಬಾಟಲ್! ಶನಿವಾರಕ್ಕೆಲ್ಲ ಮುಗಿದುಹೋಗುತ್ತಿತ್ತು. ಬಾಟಲ್ ಖಾಲಿಯಾದರೆ ಕೋರ್ಸ್ ಮುಗಿಯಿತು ಅಂದುಕೊಂಡುಬಿಡುತ್ತಿದ್ದೆ.

ಔಷಧಿಪೆಟ್ಟಿಗೆ
ಇದು ಬಹಳ ಕಡೆ ಆಗುತ್ತದೆ. ಇವತ್ತೇ ಇನ್ನೊಂದು ತಂದಿಟ್ಟುಕೊಳ್ಳಿ. ಆದರೆ ಪುಡಿಗೆ ನೀರು ಈಗಲೇ ಬೆರೆಸಬೇಡಿ, ಮೊದಲನೆಯದು ಮುಗಿದ ದಿನ ಬೆರೆಸಿ. ಅಮಾಕ್ಸಿಸಿಲಿನ್ ಬೆರೆಸಿದ ಮೇಲೆ ಸಾಮಾನ್ಯವಾಗಿ 14 ದಿನ ಬರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಒಳ್ಳೆಯದು. ಲೇಬಲ್ ಮೇಲೆ ಇದ್ದದ್ದೇ ಅಂತಿಮ. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ. ಇಲ್ಲದಿದ್ದರೆ ಮೊದಲ ದಿನಗಳಲ್ಲಿ ನೀರು ನೀರು, ಕೊನೆಗೆ ತಳದಲ್ಲಿ ಗಟ್ಟಿ.

ಅಡುಗೆಮನೆ ಚಮಚ ಬಳಸುತ್ತಿಲ್ಲ ತಾನೇ?

ಎರಡುಜಡೆ
ಮುಚ್ಚಳದ ಅಳತೆ ಲೋಟದಲ್ಲಿ ಕೊಟ್ಟೆ. ಗೆರೆ ಸರಿಯಾಗಿ ಕಾಣದೆ ಮೊಬೈಲ್ ಲೈಟ್ ಹಿಡಿದು ನೋಡಿದೆ.

ರಾತ್ರಿಪಾಳಿ
ಸೂಜಿ ಇಲ್ಲದ ಬಾಯಿ ಸಿರಿಂಜ್ ಸಿಗುತ್ತದೆ, ಕೇಳಿ ತನ್ನಿ. 5 ಮಿ.ಲೀ.ಯದು ಎರಡು ಸಲ. ಕೆನ್ನೆಯ ಒಳಭಾಗಕ್ಕೆ ಇಟ್ಟು ಮೆಲ್ಲಗೆ ಒತ್ತಿ. ಗಂಟಲ ಕಡೆ ನೇರ ಬಿಡಬೇಡಿ, ಕೆಮ್ಮಿ ಎಲ್ಲ ಹೊರಗೆ ಬರುತ್ತದೆ. ನುಂಗಲು ನೋವಾಗುವ ಮಕ್ಕಳಿಗೆ ಇದೇ ಸುಲಭ.

ಅಪ್ಪನ ಮಗ
ನನ್ನದೂ ಒಂದು ಪ್ರಶ್ನೆ. ಅಪ್ಪನಿಗೆ 74, ಮೂತ್ರಪಿಂಡ ಅರ್ಧಕ್ಕರ್ಧ ಸೋತಿದೆ. ಗಂಟಲಿಗೆ 875ರ ಮಾತ್ರೆ ಬರೆದಿದ್ದಾರೆ. ಮೂತ್ರಪಿಂಡದ ವಿಷಯ ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೇಷ್ಟ್ರ ಲೆಕ್ಕ ಓದಿದ ಮೇಲೆ ಭಯ ಆಯಿತು. ಹೊರಗೆ ಹಾಕುವುದೇ ನಿಧಾನ ಆದರೆ?

ಚಿಕ್ಕಮಕ್ಕಳ ವೈದ್ಯೆ
ನೀವು ಸರಿಯಾಗಿಯೇ ಹಿಡಿದಿದ್ದೀರಿ. ಹೊರಗೆ ಹೋಗುವುದು ನಿಧಾನ ಆದಾಗ ಔಷಧಿ ಜಾಸ್ತಿ ಹೊತ್ತು ಉಳಿಯುತ್ತದೆ. ಮೂತ್ರಪಿಂಡದ ಕೆಲಸದ ಅಳತೆ (ರಕ್ತಪರೀಕ್ಷೆಯಲ್ಲಿ ಇಜಿಎಫ್‌ಆರ್ ಅಂತ ಇರುತ್ತದೆ) 30ಕ್ಕಿಂತ ಕೆಳಗಿದ್ದರೆ 875ರದು ಕೊಡಬಾರದು. ಚಿಕ್ಕ ಡೋಸ್‌ಗೆ ಇಳಿಸುತ್ತಾರೆ. ಮುಂದಿನ ಮಾತ್ರೆ ಕೊಡುವ ಮುಂಚೆಯೇ ಅವರ ಈಚಿನ ರಕ್ತಪರೀಕ್ಷೆ ಕೈಯಲ್ಲಿ ಹಿಡಿದು ಡಾಕ್ಟರಿಗೆ ಫೋನ್ ಮಾಡಿ.

ಅಪ್ಪನ ಮಗ (ಮಂಗಳವಾರ, ಮಧ್ಯಾಹ್ನ)
ಮಾಡಿದೆ. ಅಳತೆ 27 ಇತ್ತು. 500ಕ್ಕೆ ಬದಲಾಯಿಸಿದರು, 12 ಗಂಟೆಗೊಮ್ಮೆ. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ.

ಎರಡುಜಡೆ (ಗುರುವಾರ)
ಜ್ವರ ಬಿಟ್ಟಿದೆ. ಇವತ್ತು ಶಾಲೆಗೆ ಹೋದಳು. ಔಷಧಿ ಶುರುವಾಗಿ ಒಂದು ದಿನ ಕಳೆದು, ಜ್ವರವೂ ಇಲ್ಲದಿದ್ದರೆ ಬೇರೆಯವರಿಗೆ ಹರಡುವ ಭಯ ಇಲ್ಲ ಅಂತ ಡಾಕ್ಟರು ಹೇಳಿದರು. ಸಿರಿಂಜ್ ಅವಳೇ ಹಿಡಿದು ಕೆನ್ನೆಗೆ ಇಟ್ಟುಕೊಳ್ಳುತ್ತಾಳೆ, ನಾನು ಒತ್ತಬೇಕು ಅಷ್ಟೇ. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎರಡು ಗೀಟು ಹಾಕುತ್ತಿದ್ದಾರೆ.

ಹಳೇ ಮೇಷ್ಟ್ರು
ಓದಿ ಸಂತೋಷ ಆಯಿತಮ್ಮ. ಗೀಟಿನ ಲೆಕ್ಕ ತಪ್ಪದಿರಲಿ. ಒಟ್ಟು ಇಪ್ಪತ್ತು ಆಗಬೇಕು.

ಎರಡುಜಡೆ (ಮುಂದಿನ ಗುರುವಾರ, ಬೆಳಿಗ್ಗೆ)
ಇವತ್ತು ಹನ್ನೊಂದನೇ ದಿನ. ಸೋಮವಾರ ರಾತ್ರಿ ಶುರು ಮಾಡಿದ್ದರಿಂದ ಕೊನೆಯದು ನಿನ್ನೆ ರಾತ್ರಿಯೇ ಮುಗಿದಿದೆ ಅಂದುಕೊಂಡಿದ್ದೆ. ಕ್ಯಾಲೆಂಡರ್ ಎಣಿಸಿದರೆ ಹದಿನೆಂಟೇ ಗೀಟು. ಮೊದಲ ದಿನ ಒಂದೇ ಆಗಿತ್ತು, ಜೊತೆಗೆ ಈ ಭಾನುವಾರ ಬೆಳಿಗ್ಗೆ ಒಂದು ತಪ್ಪಿತ್ತು. ಬಾಟಲಿನಲ್ಲೂ ಸರಿಯಾಗಿ 20 ಮಿ.ಲೀ. ಉಳಿದಿದೆ. ಅವಳು ಪೂರ್ತಿ ಆರಾಮಾಗಿದ್ದಾಳೆ. ಚೆಲ್ಲಿಬಿಡಲಾ?

ಚಿಕ್ಕಮಕ್ಕಳ ವೈದ್ಯೆ
ಚೆಲ್ಲಬೇಡಿ. ಈಗ 10 ಮಿ.ಲೀ., ರಾತ್ರಿ 10 ಮಿ.ಲೀ. ಕೊಟ್ಟು ಮುಗಿಸಿ. ಎರಡನ್ನೂ ಒಟ್ಟಿಗೆ ಕೊಡಬೇಡಿ.

ಎರಡುಜಡೆ (ಗುರುವಾರ, ರಾತ್ರಿ 7:40)
ಕೊಟ್ಟಾಯಿತು. ಇಪ್ಪತ್ತನೇ ಗೀಟನ್ನು ಅವಳ ಕೈಯಲ್ಲೇ ಹಾಕಿಸಿದರು ಅತ್ತೆ.